ನಾನು ಡಮ್ಮಿಯಾದ ಕಥೆ

ನಮ್ಮ ತವರಿನಲ್ಲಿ ಇಸ್ಪೀಟೆಂದರೆ ಮನೆಯೊಳಗೆ ಬರಬಾರದ ವಸ್ತು. ತಿಪಟೂರಿನ ನಮ್ಮ ತಂದೆಯವರು ಧರ್ಮರಾಯ ಹೆಂಡತಿಯನ್ನು ಪಣಕ್ಕಿಟ್ಟ ಕಥೆಯನ್ನು ವರ್ಷಕ್ಕೆರಡು ಸಲವಾದರೂ ಹೇಳುತ್ತಿದ್ದರು. ಶಿವರಾತ್ರಿ ಜಾಗರಣೆಗೆಂದು ನಮ್ಮ ಅಣ್ಣಂದಿರು ಜಗಲಿಯಲ್ಲಿ 'ಕತ್ತೆ' ಆಡಲು ಕೂತರೆ ಅದಕ್ಕೂ ಬೈಗುಳ. ಅಂಥ ಮನೆಯಿಂದ ಬಂದ ನಾನು ಅರವತ್ತೆರಡನೆಯ ವಯಸ್ಸಿನಲ್ಲಿ, ಯಶವಂತಪುರದ ಕಡೆಯ ಒಂದು ಕ್ಲಬ್ಬಿನಲ್ಲಿ, ಜರಿಯಂಚಿನ ಸೀರೆ ಉಟ್ಟು ಬ್ರಿಜ್ ಪಂದ್ಯಕ್ಕೆ ಕೂತೆ ಎಂದರೆ ಮೇಲಿರುವ ತಂದೆಯವರು ಏನಂದುಕೊಂಡರೋ!

ಕೂರಬೇಕಾಗಿ ಬಂತು, ಅಷ್ಟೆ. ನಮ್ಮವರು ಇಪ್ಪತ್ತೆಂಟು ವರ್ಷ ಒಬ್ಬರೇ ಜೊತೆಗಾರರೊಂದಿಗೆ ಬ್ರಿಜ್ ಆಡಿದವರು. ನಾವಿರುವುದು ಯಲಹಂಕ ಉಪನಗರದಲ್ಲಿ, ಅವರಿದ್ದದ್ದು ಆರ್.ಟಿ. ನಗರದಲ್ಲಿ. ಪ್ರತಿ ಭಾನುವಾರ ಇಬ್ಬರಿಗೂ ಹೆಬ್ಬಾಳದಲ್ಲಿ ಭೇಟಿ, ಅಲ್ಲಿಂದ ಒಟ್ಟಿಗೆ ಆಟಕ್ಕೆ. ಅವರ ಹೆಸರು ನಮ್ಮ ಮಕ್ಕಳಿಗೆ ಬಹಳ ದಿನ ಗೊತ್ತೇ ಇರಲಿಲ್ಲ. 'ಪಾರ್ಟ್ನರ್ ಮಾಮ' ಅಂತಲೇ ಕರೆಯುತ್ತಿದ್ದರು. 2022ರ ಮಳೆಗಾಲದಲ್ಲಿ ಪಾರ್ಟ್ನರ್ ಮಾಮ ಹೋಗಿಬಿಟ್ಟರು.

ಆಮೇಲೆ ನಮ್ಮವರು ಭಾನುವಾರ ಗಡ್ಡ ಕೆರೆಯುವುದನ್ನೇ ಬಿಟ್ಟರು. ಊಟದ ಮೇಜಿನ ಮೇಲೆ ನಾಲ್ಕು ಕಡೆ ಎಲೆ ಹರಡಿಕೊಂಡು ಒಬ್ಬರೇ ನೋಡುತ್ತ ಕೂರುತ್ತಿದ್ದರು. ಸ್ವಲ್ಪ ದಿನಕ್ಕೆ ಅದೂ ನಿಂತಿತು. ಮಗ ಫೋನಿನಲ್ಲಿ "ಅಪ್ಪನ್ನ ಡಾಕ್ಟರಿಗೆ ತೋರಿಸಮ್ಮ" ಅಂದ. ನಾನು ತೋರಿಸಲಿಲ್ಲ. ಒಂದು ಸಂಜೆ ಕುಕ್ಕರಿಟ್ಟು ಬಂದು, "ರೀ, ನನಗೂ ಹೇಳಿಕೊಡಿ" ಅಂದೆ.

"ನಿನಗ್ಯಾಕೇ ಅದೆಲ್ಲ?"

"ಬೇಳೆ ಬೇಯೋ ತನಕ ಹೇಳಿಕೊಡಿ. ಆಮೇಲೆ ಬೇಡ."

ಬೇಳೆ ಬೆಂದು, ಕೂಗಿ ಕೂಗಿ, ತಳ ಹಿಡಿಯಿತು ಅನ್ನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐವತ್ತೆರಡು ಎಲೆ, ನಾಲ್ಕು ಜನ, ತಲೆಗೆ ಹದಿಮೂರು. ಎದುರುಬದುರು ಕೂತವರು ಜೋಡಿ. ಮೊದಲು ಹರಾಜು: ಯಾವ ರಂಗು ತುರುಫು, ಎಷ್ಟು ಟ್ರಿಕ್ಕು ಹಿಡಿಯುತ್ತೇವೆ ಎಂದು ಕೂಗಬೇಕು. ಕೂಗಿ ಗೆದ್ದ ಜೋಡಿಯಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಅಂಗಾತ ಹರಡಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವರಿಗೆ 'ಡಮ್ಮಿ' ಅಂತ ಹೆಸರು. ಇದನ್ನು ಕೇಳಿದಾಗ, ಈ ಕೆಲಸ ನನಗೆ ಮದುವೆಯಾದಾಗಿನಿಂದ ಅಭ್ಯಾಸವಿದೆಯಲ್ಲ ಅಂದುಕೊಂಡೆ.

ಕಷ್ಟವಿರುವುದು ಹರಾಜಿನಲ್ಲಿ. ಅಲ್ಲಿ ಆಡಬಹುದಾದ ಮಾತು ಹದಿನೈದೇ. ಒಂದರಿಂದ ಏಳರವರೆಗಿನ ಅಂಕಿ, ಕಳಾವರ್, ಡೈಮಂಡ್, ಆಟೀನ್, ಇಸ್ಪೇಟು ಎಂಬ ನಾಲ್ಕು ರಂಗು, ತುರುಫೇ ಬೇಡ ಅನ್ನುವ ನೋ ಟ್ರಂಪು, ಮತ್ತೆ ಪಾಸ್, ಡಬಲ್, ರೀಡಬಲ್. ಈಗಿನ ಪಂದ್ಯಗಳಲ್ಲಿ ಅದನ್ನೂ ಬಾಯಲ್ಲಿ ಹೇಳುವಂತಿಲ್ಲ. ಪಕ್ಕದಲ್ಲೊಂದು ಡಬ್ಬಿ ಇರುತ್ತದೆ, ಅದರಿಂದ ಚೀಟಿ ತೆಗೆದು ಇಡಬೇಕು. ಹುಬ್ಬು ಹಾರಿಸಿದರೆ ತಪ್ಪು, ನಿಟ್ಟುಸಿರು ಬಿಟ್ಟರೆ ತಪ್ಪು. ದೊಡ್ಡ ಪಂದ್ಯಗಳಲ್ಲಂತೂ ಜೋಡಿಯ ಮುಖ ಜೋಡಿಗೆ ಕಾಣದಂತೆ ನಡುವೆ ಅಡ್ಡ ತೆರೆಯನ್ನೇ ಇಟ್ಟಿರುತ್ತಾರೆ. ಅಂತರಪಟ ಹಿಡಿದಂತೆ!

ಇನ್ನೊಂದು ವಿಚಿತ್ರ. ಪಂದ್ಯದಲ್ಲಿ ಅದೃಷ್ಟದ ಮಾತಿಗೆ ಹೆಚ್ಚು ಜಾಗವಿಲ್ಲ. ನಮಗೆ ಬಂದ ಎಲೆಗಳೇ ಉಳಿದ ಮೇಜುಗಳಿಗೂ ಹೋಗುತ್ತವೆ. ಒಂದು ಬೀದಿಯ ಎಲ್ಲ ಮನೆಗೂ ಅಳೆದು ಅದೇ ಬೇಳೆ, ಅದೇ ಹುಣಿಸೇಹಣ್ಣು, ಅದೇ ಪುಡಿ ಕೊಟ್ಟು, ಯಾರ ಸಾರು ಚೆನ್ನಾಗಿದೆ ನೋಡೋಣ ಅಂದಹಾಗೆ. "ನನಗೆ ಎಲೆ ಸರಿಯಾಗಿ ಬೀಳಲಿಲ್ಲ" ಅಂತ ಸಬೂಬು ಹೇಳುವಂತಿಲ್ಲ.

ಕಲಿಸುವಾಗ ನಮ್ಮವರಿಗೆ ಕೋಪ ಬರುತ್ತಿತ್ತು. ಆಗ ನಾನು, ಅವರ ಪುಸ್ತಕದಲ್ಲೇ ಓದಿದ ಒಂದು ಸಂಗತಿಯನ್ನು ಜ್ಞಾಪಿಸುತ್ತಿದ್ದೆ. 1929ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಬೆನೆಟ್ ಎಂಬ ದಂಪತಿಗಳು ಬ್ರಿಜ್ ಆಡುತ್ತಿದ್ದರು. ಗಂಡ ನಾಲ್ಕು ಇಸ್ಪೇಟು ಆಡಿ ಸೋತ. ಹೆಂಡತಿ ಆಡಿಕೊಂಡಳು, ಅವನು ಕೆನ್ನೆಗೆ ಹೊಡೆದ. ಆಕೆ ಪಿಸ್ತೂಲು ತಂದು ಅವನನ್ನು ಕೊಂದೇಬಿಟ್ಟಳು. 1931ರಲ್ಲಿ ಕೋರ್ಟು ಆಕೆಯನ್ನು ಬಿಡುಗಡೆ ಮಾಡಿತು. "ನಮ್ಮನೇಲಿ ಲಟ್ಟಣಿಗೆ ಇದೆ, ನೆನಪಿರಲಿ" ಅಂದರೆ ದನಿ ಇಳಿಸುತ್ತಿದ್ದರು.

ನಮ್ಮ ಓರಗಿತ್ತಿ "ಈ ವಯಸ್ಸಲ್ಲಿ ಜೂಜು ಕಲೀತಿದೀಯಂತೆ" ಅಂದಳು. ಅವಳಿಗೂ ಉತ್ತರ ಸಿದ್ಧವಿತ್ತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಆಡಿ ಚಿನ್ನ ತಂದ ಪ್ರಣವ್ ಬರ್ಧನ್ ಅವರಿಗೆ 60 ವರ್ಷ, ಶಿವನಾಥ ಸರ್ಕಾರ್ ಅವರಿಗೆ 56. ಅದೇ ಕೂಟಕ್ಕೆ ನಮ್ಮ ದೇಶದಿಂದ ಹೋಗಿದ್ದ ರೀಟಾ ಚೋಕ್ಸಿ ಅವರಿಗೆ 79! "ನಾನಿನ್ನೂ ಚಿಕ್ಕೋಳು ಕಣೇ" ಅಂದೆ.

2024ರ ಒಂದು ಭಾನುವಾರ ಮೊದಲ ಪಂದ್ಯ. ನಮ್ಮವರು ಗಡ್ಡ ಕೆರೆದುಕೊಂಡರು. ಬಸ್ಸಿನಲ್ಲಿ ಅವರಿಗೆ ಟಿಕೆಟ್ಟು, ನನಗೆ ಶಕ್ತಿ ಯೋಜನೆ. ಹೆಬ್ಬಾಳ ಬಂದಾಗ ಇಬ್ಬರೂ ಕಿಟಕಿಯಾಚೆ ನೋಡಿದೆವು. ಯಾರೂ ಏನೂ ಹೇಳಲಿಲ್ಲ.

ಕ್ಲಬ್ಬಿನಲ್ಲಿ ಹೆಚ್ಚಿನವರು ತಲೆ ನರೆತ ಗಂಡಸರೇ. ನನ್ನ ಕೈ ನಡುಗುತ್ತಿತ್ತು. ನಾಲ್ಕನೆಯದೋ ಐದನೆಯದೋ ಆಟದಲ್ಲಿ ಇಬ್ಬರ ಕೈಗೂ ಒಳ್ಳೆಯ ಎಲೆ ಬಿತ್ತು. ಇಸ್ಪೇಟು ತುರುಫೆಂದು ಗೊತ್ತಾದ ಮೇಲೆ ನಮ್ಮವರು 'ನಾಲ್ಕು ನೋ ಟ್ರಂಪ್' ಚೀಟಿ ಇಟ್ಟರು. ಅದು ಆಟವಲ್ಲ, ಪ್ರಶ್ನೆ: ನಿನ್ನ ಹತ್ತಿರ ಎಷ್ಟು ಎಕ್ಕ ಇದೆ? ಒಂದಿದ್ದರೆ ಐದು ಡೈಮಂಡ್ ಅನ್ನಬೇಕು, ಎರಡಿದ್ದರೆ ಐದು ಆಟೀನ್. ನನ್ನ ಕೈಲಿದ್ದದ್ದು ಒಂದೇ, ಆಟೀನ್ ಎಕ್ಕ. 'ಆಟೀನ್, ಆಟೀನ್' ಎಂದುಕೊಳ್ಳುತ್ತ ಐದು ಆಟೀನ್ ಚೀಟಿಯನ್ನೇ ಇಟ್ಟುಬಿಟ್ಟೆ. ಇಟ್ಟ ಮೇಲೆ ಹೊಳೆಯಿತು. ಆದರೆ ಬಾಯಿ ಬಿಡುವಂತಿಲ್ಲವಲ್ಲ! ನಮ್ಮವರು ತಮ್ಮದೊಂದು, ನನ್ನವೆರಡು ಎಂದು ಲೆಕ್ಕ ಹಾಕಿ ಧೈರ್ಯವಾಗಿ ಆರು ಇಸ್ಪೇಟಿಗೆ ಏರಿದರು. ಹದಿಮೂರರಲ್ಲಿ ಹನ್ನೆರಡು ಟ್ರಿಕ್ಕು! ಎರಡು ಎಕ್ಕ ಎದುರಾಳಿಗಳ ಕೈಲಿ!

ಎಡಗಡೆಯ ಹುಡುಗ ಬಹಳ ಯೋಚಿಸಿ ಒಂದು ಆಟೀನ್ ಇಳಿಸಿದ. ನಾನು ಡಮ್ಮಿ. ಎಲೆಗಳನ್ನು ಹರಡಿದೆ. ಒಂದೇ ಎಕ್ಕ. ಕತ್ತೆತ್ತಲು ಧೈರ್ಯವಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ಮುಖ ಗಂಟು ಹಾಕುವ ಮನುಷ್ಯ ಇವರು. ಮೂವತ್ತೆಂಟು ವರ್ಷದಲ್ಲಿ ತಟ್ಟೆಗೆ ಏನು ಬಡಿಸಿದರೂ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ.

"ಥ್ಯಾಂಕ್ ಯೂ, ಪಾರ್ಟ್ನರ್" ಅಂದರು.

ಡಮ್ಮಿ ಎಲೆ ಹರಡಿದ ಮೇಲೆ ಹಾಗೆನ್ನುವುದು ಈ ಆಟದ ಮರ್ಯಾದೆ, ಎಲ್ಲರೂ ಅನ್ನುತ್ತಾರೆ. ನನಗದು ಗೊತ್ತಿತ್ತು. ಆದರೂ ಕಣ್ಣು ಮಂಜಾಗಿ ಮುಂದಿನ ನಾಲ್ಕೈದು ಟ್ರಿಕ್ಕು ಕಾಣಲೇ ಇಲ್ಲ.

ಆಮೇಲೆ ನೋಡುತ್ತೇನೆ, ನಮ್ಮವರು ತುರುಫುಗಳನ್ನೆಲ್ಲ ಎಳೆದು, ನನ್ನ ಕೈಯ ಆಟೀನ್ ಎಕ್ಕ, ರಾಜ, ರಾಣಿ, ಗುಲಾಮರ ಮೇಲೆ ತಮ್ಮ ಡೈಮಂಡುಗಳನ್ನೆಲ್ಲ ಬಿಸಾಡುತ್ತಿದ್ದಾರೆ! ಕೊನೆಗೆ ಹೋದದ್ದು ಒಂದೇ ಕಳಾವರ್. ಆ ಹುಡುಗ ಮೊದಲೇ ಎಕ್ಕ ಇಳಿಸಿದ್ದರೆ ಕಥೆ ಬೇರೆ. ಉಳಿದ ಮೇಜುಗಳಲ್ಲಿ ಎಕ್ಕ ಸರಿಯಾಗಿ ಎಣಿಸಿದ ಜಾಣರೆಲ್ಲ ನಾಲ್ಕಕ್ಕೋ ಐದಕ್ಕೋ ನಿಂತಿದ್ದರು. ಆ ಆಟದಲ್ಲಿ ನಮಗೇ ಮೊದಲ ಸ್ಥಾನ. "ಎಷ್ಟು ಧೈರ್ಯದ ಹರಾಜು ಮೇಡಂ!" ಅಂದರು ಒಬ್ಬ ಹಿರಿಯರು. ನಾನು ಸುಮ್ಮನೆ ನಕ್ಕೆ.

ಮುಂದಿನ ತಿಂಗಳು ಮತ್ತೆ ಅಂಥದೇ ಕೈ. ಈ ಸಲ ಎಕ್ಕ ಎಣಿಸಿದ್ದು ಸರಿ, ಚೀಟಿ ಸರಿ, ಆರು ಇಸ್ಪೇಟು ಕೂಗಿದ್ದೂ ಸರಿ. ನಮ್ಮಲ್ಲಿಲ್ಲದ ತುರುಫು ಐದು. ಅವು ಎದುರಾಳಿಗಳಲ್ಲಿ ಮೂರು-ಎರಡಾಗಿ ಹಂಚಿರುವುದು ನೂರಕ್ಕೆ 68 ಸಲ, ಐದೂ ಒಬ್ಬರಲ್ಲೇ ಇರುವುದು ನೂರಕ್ಕೆ ನಾಲ್ಕೇ ಸಲ. ನಮಗೆ ಗಂಟುಬಿದ್ದದ್ದು ಆ ನಾಲ್ಕು! ಒಂದು ಎಕ್ಕ, ಎರಡು ತುರುಫು ಕಳೆದುಕೊಂಡು ಹತ್ತೇ ಟ್ರಿಕ್ಕು. ಹೆದರಿ ನಾಲ್ಕಕ್ಕೆ ನಿಂತವರೆಲ್ಲ ಗೆದ್ದರು, ನಾವು ಕಟ್ಟಕಡೆ. ತಪ್ಪು ಮಾಡಿದ ದಿನ ಹೊಗಳಿಕೆ, ಸರಿಯಾಗಿ ಆಡಿದ ದಿನ ಮಣ್ಣು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಎಂದಿನಂತೆ ಬಸ್ಸು ನಿಂತುಬಿಟ್ಟಿತು. ನಮ್ಮವರು ಅಲ್ಲಿಂದ ಶುರು ಮಾಡಿದರು: ಎರಡನೇ ಆಟದಲ್ಲಿ ನೀನು ಯಾಕೆ ಗುಲಾಮ ಹಾಕಿದೆ, ಏಳನೆಯದರಲ್ಲಿ ಯಾಕೆ ಪಾಸ್ ಅಂದೆ. ಕೋಗಿಲು ಕ್ರಾಸು ಬರುವಷ್ಟರಲ್ಲಿ ನನ್ನ ತಪ್ಪು ಹನ್ನೊಂದಾಯಿತು. ಎರಡು ವರ್ಷದಲ್ಲಿ ಇಷ್ಟು ಮಾತಾಡಿರಲಿಲ್ಲ ಪುಣ್ಯಾತ್ಮ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಪಾಪ, ನನ್ನ ಮೇಲೆ ಕನಿಕರಪಟ್ಟಳು.

ಬರುವ ಭಾನುವಾರ ಮತ್ತೆ ಪಂದ್ಯವಿದೆ. ಬೇಳೆ ರಾತ್ರಿಯೇ ಬೇಯಿಸಿಡಬೇಕು.