ಆಗುಂಬೆ ತಿರುವಿನಲ್ಲಿ ಒಂದು ಗೀರು

ಉಡುಪಿಯಿಂದ ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದರೆ ಕರಾವಳಿ ಮುಗಿದಂತೆ. ಮುಂದಿನದು ಆಗುಂಬೆ ಘಾಟಿ. ದಟ್ಟ ಕಾಡಿನ ನಡುವೆ 14 ಕಡಿದಾದ ತಿರುವುಗಳನ್ನು ಸುತ್ತಿ, ರಸ್ತೆ ಸುಮಾರು 640 ಮೀಟರ್ ಎತ್ತರದ ಆಗುಂಬೆಗೆ ಏರುತ್ತದೆ. ಕೆಳಗೆ ಉಡುಪಿ ಜಿಲ್ಲೆ, ಮೇಲೆ ಶಿವಮೊಗ್ಗ. ಬೇಸಿಗೆಯ ಸಂಜೆ ಸೂರ್ಯಾಸ್ತ ನೋಡಲು ಜನ ನೆರೆಯುವ ಈ ದಾರಿಯಲ್ಲಿ, ಮಳೆಗಾಲ ಬಂತೆಂದರೆ ಮಂಜು ಕವಿದು ಹತ್ತು ಮಾರು ದೂರವೂ ಕಾಣದು.

ತಿರುವುಗಳೋ ಇಕ್ಕಟ್ಟು. ಇಂಥಲ್ಲಿ ಎರಡು ವಾಹನ ಎದುರಾದರೆ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ರಸ್ತೆ ನಿಯಮ.

ಮಗಳನ್ನು ತೀರ್ಥಹಳ್ಳಿಯ ಹಾಸ್ಟೆಲಿಗೆ ಬಿಡಲು ಜುಲೈ ತಿಂಗಳಲ್ಲಿ ಘಾಟಿ ಏರುತ್ತಿರುವ ಕುಟುಂಬವೊಂದನ್ನು ಊಹಿಸಿಕೊಳ್ಳಿ. ತಿರುವಿನಲ್ಲಿ ಇಳಿದು ಬಂದ ಕಾರೊಂದು ಬಲಮೂಲೆಗೆ ತಾಗುತ್ತದೆ. ತಪ್ಪಿಸಲು ಹೋದ ಅಪ್ಪನ ಕಾರಿನ ಎಡಬದಿ ತಡೆಗೋಡೆಗೆ ಉಜ್ಜುತ್ತದೆ. ಯಾರಿಗೂ ಪೆಟ್ಟಿಲ್ಲ. ಹಿಂದೆ ಹಾರ್ನ್‌ಗಳ ಗದ್ದಲ. ‘ಹೋಗಲಿ ಬಿಡಿ’ ಎಂದು ಇಬ್ಬರೂ ಹೊರಡುತ್ತಾರೆ. ವಿಮೆಯ ಅರ್ಜಿಯಲ್ಲಿ ಅಪ್ಪ ಬರೆಯುವುದು ಒಂದೇ ಸಾಲು: ‘ಎದುರಿನ ಕಾರು ಗುದ್ದಿತು.’

‘ಹಾಗಾದರೆ ಎಡಬದಿಯ ಗೀರು ಎಲ್ಲಿಂದ ಬಂತು?’ ಎನ್ನುತ್ತಾರೆ ಸರ್ವೇಯರ್. ಅದು ಹಳೆಯ ಗೀರು ಎಂದು ಆ ಭಾಗದ ಹಣ ನಿಂತುಹೋಗುತ್ತದೆ. ಅಪ್ಪ ಹೇಳಿದ್ದು ಸುಳ್ಳಲ್ಲ. ಪೂರ್ತಿ ಹೇಳಲಿಲ್ಲ, ಅಷ್ಟೆ. ಅಷ್ಟರಲ್ಲಿ ಗೋಡೆಗೆ ಅಂಟಿದ ಬಣ್ಣದ ಮೇಲೆ ಘಾಟಿಯ ಪಾಚಿ ಹಬ್ಬಿರುತ್ತದೆ.

ಜಾಗ ಅಪಾಯದ್ದಲ್ಲವಾದರೆ ಎರಡು ನಿಮಿಷ ಸಾಕಿತ್ತು. ಎರಡೂ ಕಾರು, ನಂಬರ್ ಪ್ಲೇಟ್, ಗೋಡೆ, ತಿರುವು ಕಾಣುವಂತೆ ಮೊಬೈಲಿನಲ್ಲಿ ಚಿತ್ರ. ಎಷ್ಟನೆಯ ತಿರುವು, ಎಷ್ಟು ಗಂಟೆ ಎಂಬ ಗುರುತು. ಸಿಗ್ನಲ್ ಸಿಕ್ಕೊಡನೆ ಕಂಪನಿಗೆ ಫೋನು. ಸರ್ವೇಯರ್ ನೋಡುವವರೆಗೆ ರಿಪೇರಿ ಮಾಡಿಸಬಾರದು.

ಪಾಲಿಸಿಯನ್ನೂ ಮನೆಯಲ್ಲೇ ಓದಿಕೊಂಡಿರಬೇಕು. ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ. ಅದೊಂದೇ ಇದ್ದರೆ ಸ್ವಂತ ಕಾರಿನ ರಿಪೇರಿಗೆ ಬಿಡಿಗಾಸೂ ಬಾರದು. ಸಮಗ್ರ ಪಾಲಿಸಿಯಲ್ಲೂ, ಸವಕಳಿ ಕಡಿತ ಬೇಡವೆಂದು ಹೆಚ್ಚಿನ ಹಣ ಕಟ್ಟಿರದಿದ್ದರೆ, ಪ್ಲಾಸ್ಟಿಕ್ ಬಂಪರಿನ ಬೆಲೆಯಲ್ಲಿ ಸಾಮಾನ್ಯವಾಗಿ ಅರ್ಧ ಕಳೆಯುತ್ತಾರೆ. ಕಂಪನಿ ಅದನ್ನು ಕಡಿದರೆ ಮೋಸವಲ್ಲ. ಗೀರಿನ ಹಣವನ್ನೇ ತಡೆದರೆ ಮಾತ್ರ ಸುಮ್ಮನಿರಬೇಕಿಲ್ಲ.

ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆದರೆ ಅಷ್ಟು ದೂರ ಹೋದರೂ ಎದುರಾಗುವ ಪ್ರಶ್ನೆ ಒಂದೇ: ಆ ತಿರುವಿನಲ್ಲಿ ನಡೆದದ್ದೇನು? ದಾರಿಯುದ್ದಕ್ಕೂ ಮಂಜಿನ ಚಿತ್ರ ಇಪ್ಪತ್ತು ತೆಗೆದ ಮಗಳು, ಆ ಗೋಡೆಯದೊಂದು ತೆಗೆದಿದ್ದರೆ!