ಬೇಲಿ ಮೊಳೆ ಬೇಲಿಗಿರಲಿ

‘ವಿದ್ಯುತ್ ತಗುಲಿ ಸಾವು’ ಎಂದು ಸುದ್ದಿ ಕಳಿಸುವಾಗ ನಮಗೆ ಸಿಗುವ ಜಾಗ ನಾಲ್ಕೈದು ಸಾಲು. ಹೆಸರು, ವಯಸ್ಸು, ಠಾಣೆ. ಗೋಡೆಯ ಮೇಲೆ ವೈರು ಯಾವ ಮೊಳೆಯಲ್ಲಿ ನಿಂತಿತ್ತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಬಡವರ ಮನೆಗೆ ಭಾಗ್ಯಜ್ಯೋತಿಯಲ್ಲಿ ಬಂದದ್ದು ಒಂದು ಬಲ್ಬು. ಈಗ ಅಲ್ಲೇ ಟಿವಿ, ಮಿಕ್ಸಿ, ಫ್ಯಾನು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಚಿಂತೆಯೂ ತಗ್ಗಿತು. ವೈರು ಮಾತ್ರ ಸಿಕ್ಕ ಮೊಳೆಗೆ ಸಿಕ್ಕಿಸಿದ್ದು. ಕ್ಯಾಲೆಂಡರಿಗೂ ಅಂಗಿಗೂ ವೈರಿಗೂ ಒಂದೇ ಮೊಳೆ!

ಅದಕ್ಕಿಂತ ಕೆಟ್ಟದ್ದು ಬೇಲಿಯ ಯು ಮೊಳೆ. ಮರದ ಗೂಟಕ್ಕೆ ಮುಳ್ಳುತಂತಿ ಹಿಡಿಸಲು ಮಾಡಿದ್ದು ಅದು. ಮನೆಯಲ್ಲಿ ಉಳಿದಿದೆಯೆಂದು ಅದರಲ್ಲೇ ವೈರನ್ನು ತೊಲೆಗೆ ಬಡಿಯುತ್ತಾರೆ. ಸುತ್ತಿಗೆಯ ಒಂದು ಪೆಟ್ಟು ಜಾಸ್ತಿಯಾದರೆ ಸಿಪ್ಪೆ ಸೀಳಿ, ಕಬ್ಬಿಣ ಒಳಗಿನ ತಂತಿಗೆ ತಾಗುತ್ತದೆ. ಅವತ್ತು ಏನೂ ಆಗದಿರಬಹುದು. ಮಳೆಗಾಲದಲ್ಲಿ ತೊಲೆ ಒದ್ದೆಯಾದಾಗ, ಅದೇ ಮೊಳೆಗೆ ಯಾರೋ ಬಟ್ಟೆ ಒಣಗಿಸುವ ತಂತಿ ಕಟ್ಟಿದಾಗ ಗೊತ್ತಾಗುತ್ತದೆ. ತಗಡಿನ ಶೆಡ್ಡಿನಲ್ಲಿ ವೈರನ್ನು ಬೈಂಡಿಂಗ್ ತಂತಿಯಿಂದ ಬಿಗಿದರೂ ಇದೇ ಕಥೆ. ಸಿಪ್ಪೆ ಹರಿದರೆ ಇಡೀ ತಗಡೇ ಕರೆಂಟು ಹಿಡಿಯುತ್ತದೆ.

ಅಂಗಡಿಯಲ್ಲಿ ವೈರ್ ಕ್ಲಿಪ್ ಕೇಳಿ. ಪ್ಲಾಸ್ಟಿಕ್ ಕೊಂಡಿ, ಅದರ ಪಕ್ಕದಲ್ಲೊಂದು ಗಟ್ಟಿ ಸ್ಟೀಲ್ ಮೊಳೆ. ವೈರನ್ನು ಹಿಡಿಯುವುದು ಪ್ಲಾಸ್ಟಿಕ್, ಮೊಳೆ ಅದನ್ನು ಮುಟ್ಟುವುದೇ ಇಲ್ಲ. 4, 6, 8, 10 ಮಿ.ಮೀ. ಹೀಗೆ ಅಳತೆಗಳಿವೆ. ಅಂದಾಜಿಗೆ ತರಬೇಡಿ, ವೈರಿನ ತುಂಡೊಂದನ್ನು ಜೇಬಿನಲ್ಲಿ ಒಯ್ಯಿರಿ. ಗುಂಡು ವೈರಿಗೆ ಗುಂಡು ಕ್ಲಿಪ್, ಚಪ್ಪಟೆಗೆ ಚಪ್ಪಟೆ. ಅಡಿಗೊಂದು ಸಾಕು.

ನಮ್ಮ ಕಡೆಯ ಮಣ್ಣಿನ ಗೋಡೆಯಲ್ಲಿ ಆ ಪುಟ್ಟ ಮೊಳೆ ನಿಲ್ಲದು. ಗೋಡೆಗೆ ಮರದ ಬೆಣೆ ಬಡಿದು, ಅದಕ್ಕೆ ರೀಪು ಹೊಡೆದು, ರೀಪಿನ ಮೇಲೆ ಕ್ಲಿಪ್ ಹಾಕಬೇಕು. ಹಳೇ ಕಾಲದ ವೈರಿಂಗಿನವರು ಮರದ ಪಟ್ಟಿಯ ಮೇಲೇ ವೈರು ಎಳೆಯುತ್ತಿದ್ದರು, ಅವರೇನು ದಡ್ಡರಲ್ಲ. ಸಿಮೆಂಟ್ ಗೋಡೆಯಲ್ಲಿ ಸ್ಟೀಲ್ ಮೊಳೆ ಬಗ್ಗುವ ಬದಲು ಮುರಿದು ಸಿಡಿಯಬಹುದು, ಮಕ್ಕಳನ್ನು ದೂರ ಕಳಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಮೊಳೆ ಬೇಡ, ಗೋಡೆಯೊಳಗೆ ವೈರಿನ ಪೈಪು ಇರಬಹುದು. ಬಾಗಿಲ ಬೀಡಿಂಗ್ ಪಟ್ಟಿಗೂ ಇದೇ ಮಾತು. ಅದಕ್ಕೆ ಸಣ್ಣ ತಲೆಯ ತೆಳು ಮೊಳೆ ಸಾಕು, ದಪ್ಪ ಮೊಳೆಗೆ ಪಟ್ಟಿ ಸೀಳುತ್ತದೆ.

ಯು ಮೊಳೆ ಈಗಾಗಲೇ ಬಡಿದಿದ್ದರೆ ನೀವೇ ಕೀಳಲು ಹೋಗಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ವೈರ್‌ಮನ್ ಕರೆಸಿ. ಮೊಳೆ ಕಚ್ಚಿದ ವೈರಿಗೆ ಟೇಪು ಸುತ್ತಿ ಹೋಗುತ್ತೇನೆಂದರೆ ಒಪ್ಪಬೇಡಿ, ಅಷ್ಟುದ್ದ ಹೊಸದು ಹಾಕಿಸಿ.