ನಮ್ಮೂರಿಗೆ ಬಾರದ ಚಂಡಮಾರುತ

ಚಂಡಮಾರುತವೆಂದರೆ ಮೂಡಣ ಕಡಲಿನವರ ಪಾಡು ಎಂಬ ಭಾವನೆ ಪಡುವಣ ಕರಾವಳಿಯವರಾದ ನಮ್ಮಲ್ಲಿ ಬಹುಕಾಲದಿಂದ ಬೇರೂರಿತ್ತು. ಭೂಗೋಳದ ಪಾಠದಲ್ಲಿಯೂ ನಮ್ಮ ಬೆತ್ತದ ತುದಿ ನಕಾಶೆಯ ಬಂಗಾಳ ಕೊಲ್ಲಿಯ ಮೇಲೆಯೇ ನಿಲ್ಲುತ್ತಿತ್ತು. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯನ್ನು ಕಡಲು ನುಂಗಿದ ಕಥೆಯನ್ನು ಹೇಳಿದಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ದೂರದ ದುಃಖವನ್ನು ಕೇಳುವುದಕ್ಕೂ ಒಂದು ನಿರಾಳವಿರುತ್ತದೆಯಷ್ಟೆ!

2021ರ ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಹುಟ್ಟಿದ ಗಾಳಿಗೆ ‘ತೌಕ್ತೆ’ ಎಂದು ಹೆಸರಾಯಿತು. ಮ್ಯಾನ್ಮಾರ್ ದೇಶದವರು ಸೂಚಿಸಿದ ಹೆಸರದು. ಗಟ್ಟಿಯಾಗಿ ಲೊಚಗುಟ್ಟುವ ಒಂದು ಬಗೆಯ ಹಲ್ಲಿ ಎಂದು ಅದರ ಅರ್ಥವಂತೆ. ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲವನ್ನು ತಟ್ಟುವ ನಮ್ಮ ಹಿರಿಯರಿಗೆ ಈ ನಾಮಕರಣ ವಿಚಿತ್ರವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಕನ್ನಡ ಮಾಧ್ಯಮದ ಶಾಲೆ ಮಂಜೇಶ್ವರ ತಾಲೂಕಿನಲ್ಲಿ, ಕಡಲ ತಡಿಯಿಂದ ಎರಡು ಕೂಗಳತೆ ಒಳಗಿದೆ. ಮನೆಯೊಳಗೆ ತುಳು, ಬ್ಯಾರಿ, ಮಲೆಯಾಳ, ಕೊಂಕಣಿಗಳನ್ನಾಡುವ ಮಕ್ಕಳು ಶಾಲೆಯ ಮೆಟ್ಟಿಲೇರಿದೊಡನೆ ಕನ್ನಡಿಗರಾಗುವ ತಾಣವದು. ಅಂದು ಶಾಲೆಗೆ ಬೀಗ ಬಿದ್ದಿತ್ತು. ಕೊರೋನಾದ ಎರಡನೆಯ ಅಲೆಯ ದೆಸೆಯಿಂದ ಮೇ 8ರಿಂದ ಕೇರಳವಿಡೀ ಲಾಕ್‌ಡೌನ್ ಜಾರಿಯಲ್ಲಿತ್ತು. ದೋಣಿಗಳು ಮರಳಿನ ಮೇಲೆ ಮಲಗಿದ್ದವು.

14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿದಿದೆಯೆಂಬ ಸುದ್ದಿ ಬಂದಿತು. ಎಚ್ಚರಿಕೆಯ ಮಾತುಗಳೆಲ್ಲ ನಮ್ಮ ಮೊಬೈಲಿಗೆ ಬರುತ್ತಿದ್ದುದು ಮಲೆಯಾಳದಲ್ಲಿ. ತೀರದ ಅನೇಕ ಹಿರಿಯರಿಗೆ ಮಲೆಯಾಳ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯದು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಆದುದರಿಂದ ನಾವು ಅಧ್ಯಾಪಕರು ನಾಲ್ವರು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವನ್ನೆಲ್ಲ ಕನ್ನಡಿಸಿ, ಮಕ್ಕಳ ಪಾಠಕ್ಕಾಗಿ ಮಾಡಿಕೊಂಡಿದ್ದ ವಾಟ್ಸಾಪ್ ಗುಂಪುಗಳಿಗೆ ಕಳುಹಿಸತೊಡಗಿದೆವು. ‘ಕೆಂಪು’ ಎಂದರೆ ಒಂದು ಹಗಲಿರುಳಿನಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಮಳೆ ಬರಬಹುದೆಂದು ಅರ್ಥ. ಅಂಗಳದಲ್ಲಿಟ್ಟ ನೇರ ಬದಿಯ ಪಾತ್ರೆಯಲ್ಲಿ ಒಂದು ಗೇಣಿನಷ್ಟು ನೀರು ನಿಲ್ಲುವ ಮಳೆ ಎಂದು ಬಿಡಿಸಿ ಬರೆದೆವು. ಅಧ್ಯಾಪಕ ತರಬೇತಿಯಲ್ಲಿ ಕಲಿತುದು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರು ಬಲ್ಲರು!

ಚಂಡಮಾರುತದ ಕೇಂದ್ರ ನಮ್ಮಿಂದ ಬಹುದೂರ, ನಡುಗಡಲಿನಲ್ಲಿ ಬಡಗು ದಿಕ್ಕಿಗೆ ಸಾಗುತ್ತಿತ್ತು. ಗಾಳಿಯಿಂದ ನಮ್ಮಲ್ಲಾದ ಹಾನಿ ಅಷ್ಟಿಷ್ಟಲ್ಲವಾದರೂ ಪ್ರತಿ ಮಳೆಗಾಲದಲ್ಲಿ ಕಾಣುವಂಥದೇ: ಕಂಗುಗಳು ಮುರಿದವು, ಹೆಂಚುಗಳು ಹಾರಿದವು, ವಿದ್ಯುತ್ತು ಮೂರು ದಿನ ಕೈಕೊಟ್ಟಿತು. ಕೇಡನ್ನು ತಂದುದು ನೀರು. ಕೊಪ್ಪರಿಗೆಯ ನೀರನ್ನು ನಡುವೆ ಕದಡಿದರೆ ಅಂಚಿನಲ್ಲಿ ತುಳುಕುವುದಿಲ್ಲವೆ? ಎಲ್ಲಿಯೋ ಎದ್ದ ಅಲೆಗಳು ಗಾಳಿಯನ್ನು ಹಿಂದಿಕ್ಕಿ ಮೊದಲೇ ಬಂದು ನಮ್ಮ ದಡವನ್ನು ಅಗೆದವು. ಸೊಂಟದೆತ್ತರದ ಕಗ್ಗಲ್ಲುಗಳ ತಡೆಗೋಡೆಯ ಬುಡದ ಮರಳು ಜಾರಿದೊಡನೆ ಕಲ್ಲುಗಳು ಒಂದೊಂದಾಗಿ ಹುಗಿದುಹೋದವು. ಅವುಗಳ ಹಿಂದಿದ್ದ ಗಾಳಿಮರಗಳು ಬೇರುಸಹಿತ ಬಾಗಿ ಕಡಲಿಗೆ ತಲೆಯಿಟ್ಟವು. ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಕಟ್ಟಡವೊಂದು ನಿಂತ ನಿಲುವಿನಲ್ಲಿಯೇ ಅಲೆಗಳೊಳಗೆ ಕುಸಿದುದನ್ನು ದೇಶವೆಲ್ಲ ದೂರದರ್ಶನದಲ್ಲಿ ಕಂಡಿತು. ಸದ್ದಿಲ್ಲದೆ ಕುಸಿದ ಒಂದಂತಸ್ತಿನ ಮನೆಗಳನ್ನು ಯಾರೂ ಚಿತ್ರಿಸಲಿಲ್ಲ.

ಆ ಶನಿವಾರ ರಾತ್ರಿ ಶಾಲೆಯ ಬೀಗ ತೆಗೆದು, ಬೆಂಚುಗಳನ್ನು ಜೋಡಿಸಿ, ಗಂಜಿಯ ಹಂಡೆಯನ್ನು ಒಲೆಯ ಮೇಲಿಟ್ಟು ಕಾದೆವು. ಬಂದವರು ಕೆಲವೇ ಮಂದಿ. ನಾವೇ ಟಾರ್ಚು ಹಿಡಿದು ತೀರಕ್ಕೆ ಹೋಗಿ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅಜ್ಜಿಯನ್ನು ಕರೆದೆವು. ಬಾಗಿಲಿನ ಮುಂದೆ ನೊರೆ ಹರಿಯುತ್ತಿತ್ತು.

“ಶಾಲೆಗೆ ಬನ್ನಿ ಅಜ್ಜಿ, ಗಂಜಿ ಬೇಯಿಸಿದ್ದೇವೆ.”

“ಅಲ್ಲಿ ಹತ್ತು ಮನೆಯವರು ಒಟ್ಟಿಗೆ ಮಲಗಬೇಕಲ್ಲ ಮಾಷ್ಟ್ರೇ? ಕಡಲು ಬರುವುದು ಕಣ್ಣಿಗೆ ಕಾಣುತ್ತದೆ. ಆ ರೋಗ ಕಾಣುವುದಿಲ್ಲ.”

ಆ ಮಾತಿಗೆ ಪ್ರತ್ಯುತ್ತರ ನಮ್ಮಲ್ಲಿರಲಿಲ್ಲ. ಕೊನೆಗೆ ಒಂದು ಕೊಠಡಿಗೆ ಒಂದೇ ಕುಟುಂಬವೆಂದು ಗೊತ್ತುಮಾಡಿದ ಮೇಲೆ, ಅಜ್ಜಿ ಒಂದು ಕೈಯಲ್ಲಿ ಆಡಿನ ಹಗ್ಗವನ್ನೂ ಇನ್ನೊಂದರಲ್ಲಿ ರೇಷನ್ ಕಾರ್ಡು, ತೀರ್ವೆ ಕಟ್ಟಿದ ರಶೀದಿಗಳಿದ್ದ ಪ್ಲಾಸ್ಟಿಕ್ ಚೀಲವನ್ನೂ ಹಿಡಿದು ಹೊರಟರು. ಆಡನ್ನು ನಾಲ್ಕನೆಯ ತರಗತಿಯಲ್ಲಿ ಕಟ್ಟಿದೆವು; ಗೋಡೆಯ ಮೇಲಿನ ಗಾದೆಗಳ ಪಟವನ್ನು ಅದು ಬೆಳಗಾಗುವುದರೊಳಗೆ ತಿಂದು ಮುಗಿಸಿತ್ತು.

17ರ ರಾತ್ರಿ ತೌಕ್ತೆ ಗುಜರಾತಿನ ಕರಾವಳಿಯಲ್ಲಿ, ದೀವ್ ಸಮೀಪ ನೆಲವೇರಿತು. ಅಲ್ಲಿಯೂ ಮುಂಬಯಿಯ ಕಡಲಿನಲ್ಲಿಯೂ ಸಂಭವಿಸಿದ ಪ್ರಾಣಹಾನಿಯ ಮುಂದೆ ನಮ್ಮದು ಹೇಳಿಕೊಳ್ಳುವಂಥದಲ್ಲ. ಪತ್ರಿಕೆಗಳ ಗಮನ ಅತ್ತ ಹರಿದುದು ಯುಕ್ತವೇ ಆಗಿತ್ತು.

ಇಲ್ಲಿ ಉಳಿದುದು ಬಾವಿಗಳ ಚಿಂತೆ. ಉಪ್ಪುನೀರು ನುಗ್ಗಿದ ಬಾವಿಯನ್ನು ಎಷ್ಟು ಬರಿದು ಮಾಡಿದರೂ ಊಟೆಯೇ ಉಪ್ಪಾಗಿತ್ತು. ಮುಂಗಾರು ಸಾಕಷ್ಟು ಸುರಿದ ಮೇಲೆಯೇ ಚಹಾ ಕುಡಿಯುವಂತಾಯಿತು. ಹಿತ್ತಲಿನ ಬಾಳೆ ಒಂದು ವಾರದಲ್ಲಿ ಕರಟಿತು, ತೆಂಗು ತಾಳಿಕೊಂಡಿತು. ಅಜ್ಜಿಯ ಮನೆಯ ಮುಂದಣ ಅರ್ಧ ಕಡಲಿನಲ್ಲಿತ್ತು. ಹಿಂದಣ ಅಡುಗೆಕೋಣೆ ಮಾತ್ರ, ಉಪ್ಪಿನಕಾಯಿಯ ಭರಣಿಯೂ ಅಲುಗದಂತೆ, ಹಾಗೆಯೇ ನಿಂತಿತ್ತು. ನೀರಿನೊಳಗಣ ನೆಲಕ್ಕೂ ತೀರ್ವೆ ಕಟ್ಟಬೇಕೋ ಎಂದು ಅವರು ನಮ್ಮನ್ನು ಕೇಳಿದರು. ಕಟ್ಟಿ ರಶೀದಿ ಇಟ್ಟುಕೊಳ್ಳಿರೆಂದೆವು. ಪರಿಹಾರದ ಮಾತು ಬಂದಾಗ ಕಾಗದವೇ ನೆಲ.

ಕಡಲಂಚಿನಿಂದ 50 ಮೀಟರಿನೊಳಗೆ ವಾಸಿಸುವ ಮೀನುಗಾರ ಕುಟುಂಬಗಳು ಒಳನಾಡಿಗೆ ಸರಿಯಲು ಕೇರಳ ಸರಕಾರದ ‘ಪುನರ್ಗೇಹಂ’ ಯೋಜನೆ 10 ಲಕ್ಷ ರೂಪಾಯಿಗಳ ನೆರವನ್ನು ನಿಗದಿಪಡಿಸಿತ್ತು. ಅದನ್ನು ನಾವು ಹಳಿಯಲಾರೆವು. ನೊರೆಯ ಮೇಲೆ ಮಕ್ಕಳನ್ನು ಮಲಗಿಸಿರೆಂದು ಯಾವ ಅಧ್ಯಾಪಕನು ಹೇಳಿಯಾನು? ಅರ್ಜಿಗಳನ್ನು ಹಲವರಿಗೆ ತುಂಬಿಸಿಕೊಟ್ಟವರೂ ನಾವೇ. ಆದರೆ ಅಷ್ಟು ಹಣಕ್ಕೆ ನೆಲವೂ ಮನೆಯೂ ಶಾಲೆಯ ಆಸುಪಾಸಿನಲ್ಲಿ ದೊರೆಯುವುದು ಸುಲಭವಲ್ಲ. ಅಗ್ಗದ ನೆಲ ಎಲ್ಲಿಯೋ, ನೆಂಟರಿಷ್ಟರು ಎಲ್ಲಿಯೋ, ಅಲ್ಲಿಗೆ ಒಂದೊಂದು ಮನೆ ಸರಿಯಿತು.

2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದುದೂ ಅದೇ ತಾರೀಖಿನಂದು. ಮಾಸ್ಕು ಧರಿಸಿದ ಮಕ್ಕಳ ಕಣ್ಣುಗಳನ್ನಷ್ಟೇ ನೋಡಿ ಗುರುತು ಹಿಡಿಯುತ್ತ ಹಾಜರಿ ಕರೆದಾಗ, ಮೂರನೆಯ ತರಗತಿಯಲ್ಲಿ ಐದು ಹೆಸರುಗಳಿಗೆ ಉತ್ತರ ಬರಲಿಲ್ಲ. ಕೇರಳದಲ್ಲಿ ಜೂನಿನ ಆರನೆಯ ಕೆಲಸದ ದಿನ ಎಣಿಸಿದ ಮಕ್ಕಳ ಲೆಕ್ಕದ ಮೇಲೆ ಅಧ್ಯಾಪಕ ಹುದ್ದೆಗಳು ನಿಲ್ಲುತ್ತವೆ, ಇಲ್ಲವೇ ಬೀಳುತ್ತವೆ. ಮುಂದಿನ ಜೂನಿನಲ್ಲಿ ಆ ದಿನ ಬೆಳಗ್ಗೆ ನಾವು ಮನೆಮನೆಗೆ ಹೋಗಿ, ಜ್ವರವಿಲ್ಲದ ಮಕ್ಕಳನ್ನೆಲ್ಲ ಕರೆತಂದೆವು. ಆದರೂ ಒಂದು ವಿಭಾಗ ಕಡಮೆಯಾಯಿತು. ನಮ್ಮೊಡನೆ ಆ ರಾತ್ರಿ ಗಂಜಿಯ ಹಂಡೆಯನ್ನು ಹೊತ್ತ ಕಿರಿಯ ಅಧ್ಯಾಪಿಕೆ ಬೇರೆ ಶಾಲೆಯನ್ನು ಅರಸಿಕೊಂಡು ಹೋದರು.

ಅಜ್ಜಿಯ ಸೊಸೆ ವರ್ಗಾವಣೆ ಪತ್ರಕ್ಕಾಗಿ ಬಂದುದು ಅದೇ ತಿಂಗಳಿನಲ್ಲಿ. ಚಂದ್ರಗಿರಿ ಹೊಳೆಯಿಂದಾಚೆ, ತವರಿನ ಹತ್ತಿರ ಐದು ಸೆಂಟ್ಸು ನೆಲ ಸಿಕ್ಕಿತ್ತು.

“ಅಲ್ಲಿಯ ಶಾಲೆಯಲ್ಲಿ ಕನ್ನಡ ಇಲ್ಲವಂತೆ ಮಾಷ್ಟ್ರೇ. ಇವಳು ನಾಲ್ಕರವರೆಗೆ ಓದಿದ್ದು ಏನಾಗುತ್ತದೆ?”

ಹುಡುಗಿ ಅಷ್ಟರಲ್ಲಿ ನಮ್ಮ ಕಪಾಟಿನ ಮುಂದೆ ನಿಂತಿದ್ದಳು. ಗ್ರಂಥಾಲಯದ ಪುಸ್ತಕ ಹಿಂದಿರುಗಿಸದೆ ಪತ್ರ ಕೊಡುವ ಕ್ರಮವಿಲ್ಲ. ಅವಳ ಹೆಸರಿನಲ್ಲಿದ್ದ ಎರಡು ಕಥೆಪುಸ್ತಕಗಳನ್ನು ‘ಕಡಲ್ಕೊರೆತದಲ್ಲಿ ನಷ್ಟ’ ಎಂದು ನಮೂದಿಸಿ ರುಜು ಹಾಕಿದೆವು. ಅವು ಅವಳ ಚೀಲದಲ್ಲಿದ್ದವು.